ಕೊಕ್ಕೆ ಅಲುಗಾಡುವ ಟೇಪು

ಮನೆ ಕಟ್ಟಿಸಿದ ಹದಿನಾಲ್ಕು ತಿಂಗಳಲ್ಲಿ ನಾನು ನಾಲ್ಕು ಅಳತೆ ಟೇಪು ಕೊಂಡೆ. ಮನೆಯವರು ಇರುವುದು ಶಾರ್ಜಾದಲ್ಲಿ. ಬದಿಯಡ್ಕದ ಹತ್ತಿರ ನಮಗಿದ್ದ ಹತ್ತು ಸೆಂಟಿನಲ್ಲಿ ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಹಿಡಿದು ಟೈಲ್ಸಿನವರೆಗೆ ಮೇಸ್ತ್ರಿಯ ಎದುರು ನಿಂತವಳು ನಾನು. ಶಾಲೆ ಬಿಟ್ಟ ಕೂಡಲೇ ಕೆಲಸದ ಜಾಗಕ್ಕೆ ಓಟ, ಚೀಲದಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಜೊತೆ ಟೇಪು. ಸಿಮೆಂಟು, ಕಬ್ಬಿಣದ ಬಗ್ಗೆ ಊರಿಗೆ ಊರೇ ಸಲಹೆ ಕೊಟ್ಟಿತು. ಟೇಪಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಮೊದಲನೆಯದು ಸಂತೆಯಲ್ಲಿ 60 ರೂಪಾಯಿಗೆ ಸಿಕ್ಕ 3 ಮೀಟರಿನದು, ಬಣ್ಣದ ಪ್ಲಾಸ್ಟಿಕ್ ಡಬ್ಬಿ. ನಮ್ಮಲ್ಲಿ ಗೋಡೆ ಎಂದರೆ ಕೆಂಪುಕಲ್ಲು. ಅದರ ಧೂಳು ಸೀರೆಯನ್ನೇ ಬಿಡುವುದಿಲ್ಲ, ಟೇಪನ್ನು ಬಿಡುತ್ತದೆಯೇ? ಪಟ್ಟಿಗೆ ಅಂಟಿದ ಧೂಳು ಡಬ್ಬಿಯ ಬಾಯಿಯಲ್ಲಿ ಸೇರಿಕೊಂಡು, ಪ್ರತಿ ಸಲ ಎಳೆದಾಗಲೂ ಬಿಟ್ಟಾಗಲೂ ಮರಳು ಕಾಗದದ ಹಾಗೆ ಉಜ್ಜುತ್ತದೆ. ಲಿಂಟಲ್ ಹಾಕುವ ಹೊತ್ತಿಗೆ ಒಂದರಿಂದ ಮೂವತ್ತು ಸೆಂಟಿಮೀಟರ್‌ವರೆಗಿನ ಅಂಕಿಗಳು ಮಾಯವಾಗಿದ್ದವು, ಕೊನೆಯ ಒಂದು ಮೀಟರ್ ಮದುಮಗಳಂತೆ ಹೊಳೆಯುತ್ತಿತ್ತು. ಟೇಪು ಸವೆಯುವುದು ಯಾವಾಗಲೂ ಮೂತಿಯ ಕಡೆಯಿಂದ. ಏನನ್ನು ಅಳೆದರೂ ಮೊದಲು ಹೊರಗೆ ಬರುವುದು ಅದೇ ತಾನೆ. ಪಟ್ಟಿಯ ಬಣ್ಣದ ಮೇಲೆ ನೈಲಾನ್ ಲೇಪ ಇದ್ದರೆ ಅಂಕಿಗಳು ಬಹಳ ಕಾಲ ಉಳಿಯುತ್ತವೆ. ಬರೀ ಬಣ್ಣದ್ದಾದರೆ ನನ್ನ 60 ರೂಪಾಯಿಯ ಗತಿ.

ಎರಡನೆಯದು ನಿಜಕ್ಕೂ ಒಳ್ಳೆಯ ಟೇಪು. ಅದನ್ನು ಕೆಡಿಸಿದವಳು ನಾನೇ.

ತಂದ ಮರುದಿನ ನೋಡುತ್ತೇನೆ, ತುದಿಯ ಕೊಕ್ಕೆ ಕೂದಲೆಳೆಯಷ್ಟು ಹಿಂದೆ ಮುಂದೆ ಅಲುಗಾಡುತ್ತಿದೆ. ಅಂಗಡಿಯವನು ಮೋಸ ಮಾಡಿದ ಎಂದುಕೊಂಡೆ. ಹಿಂದಿರುಗಿಸಲು ಪುರುಸೊತ್ತು ಇರಲಿಲ್ಲ. ಮೆಟ್ಟಿಲ ಮೇಲೆ ಇಟ್ಟು ಕೊಕ್ಕೆಯನ್ನು ಒಳಕ್ಕೆ ಒತ್ತಿ ಹಿಡಿದು ರಿವೆಟ್ಟುಗಳ ಮೇಲೆ ಸುತ್ತಿಗೆಯಿಂದ ನಾಲ್ಕು ಕುಟ್ಟಿದೆ. ಬಿಗಿಯಾಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಎರಡು ವಾರದ ಮೇಲೆ ವೆಂಟಿಲೇಟರುಗಳಿಗೆ ಗಾಜು ಬೇಕಾಯಿತು. ಆಚಾರಿಯವರು ಮಾದರಿಗೆಂದು ಒಂದು ಗಾಜನ್ನು ಕೂರಿಸಿ ನೋಡಿ ತೆಗೆದಿಟ್ಟಿದ್ದರು. ಒಂದಿಷ್ಟೂ ಸಡಿಲವಿಲ್ಲದೆ ಕೂತ ಗಾಜು ಅದು. ಅದರ ಅಂಚಿಗೆ ಕೊಕ್ಕೆ ಸಿಕ್ಕಿಸಿ ಅಳೆದು, ಚೀಟಿ ಬರೆದು, ಆರು ಗಾಜು ಕತ್ತರಿಸಿ ತಂದೆ. ಒಂದೂ ಕೂರಲಿಲ್ಲ. ಮರ ಹೆಚ್ಚಾದರೆ ಕೀಸುಳಿ ಹಾಕಬಹುದು, ಗಾಜಿಗೆ ಏನು ಹಾಕುವುದು? ಆಚಾರಿಯವರು ಗಾಜನ್ನು ಬಿಟ್ಟು ನನ್ನ ಟೇಪನ್ನು ಕೇಳಿದರು. ಮಾದರಿ ಗಾಜಿಗೆ ಒಮ್ಮೆ ಕೊಕ್ಕೆ ಸಿಕ್ಕಿಸಿ ಅಳೆದರು. ಆಮೇಲೆ ಕೊಕ್ಕೆಯನ್ನು ಹೊರಗೆ ಬಿಟ್ಟು, ಹತ್ತು ಸೆಂಟಿಮೀಟರಿನ ಗೆರೆಯನ್ನು ಅಂಚಿಗೆ ಹಿಡಿದು ಅಳೆದು, ಹತ್ತು ಕಳೆದರು. ಸರಿಯಾಗಿ ಒಂದು ಮಿಲಿಮೀಟರ್ ಕಡಿಮೆ ಬಂತು.

“ಟೀಚರೇ, ಕೊಕ್ಕೆ ಅಲುಗಾಡುವುದು ಹಾಳಾಗಿ ಅಲ್ಲ. ಬೇಕೆಂದೇ ಹಾಗೆ ಮಾಡಿದ್ದು.”

ಲೆಕ್ಕ ಹೀಗಿದೆ. ಅಂಚಿಗೆ ಸಿಕ್ಕಿಸಿ ಎಳೆದಾಗ ಅಳತೆ ಶುರುವಾಗಬೇಕಾದದ್ದು ಕೊಕ್ಕೆಯ ಒಳಮೈಯಿಂದ. ಗೋಡೆಗೆ ಒತ್ತಿ ಅಳೆದಾಗ ಹೊರಮೈಯಿಂದ. ಎರಡರ ನಡುವೆ ಇರುವುದು ಕೊಕ್ಕೆಯ ತಗಡಿನ ದಪ್ಪ. ಅಷ್ಟೇ ಜಾಗ ಅದು ಸರಿಯುವಂತೆ ರಿವೆಟ್ಟಿನ ತೂತನ್ನು ಉದ್ದವಾಗಿ ಬಿಟ್ಟಿರುತ್ತಾರೆ. ನಾನು ಕೊಕ್ಕೆಯನ್ನು ಒಳಕ್ಕೆ ತಳ್ಳಿ ಕುಟ್ಟಿದ್ದರಿಂದ ಒತ್ತಿ ಅಳೆದದ್ದೆಲ್ಲ ಸರಿ, ಸಿಕ್ಕಿಸಿ ಅಳೆದದ್ದೆಲ್ಲ ಒಂದು ಮಿಲಿಮೀಟರ್ ಜಾಸ್ತಿ. ಗೋಡೆ ಕಟ್ಟುವವನಿಗೆ ಅದು ಲೆಕ್ಕಕ್ಕೇ ಇಲ್ಲ, ಗಾಜಿನವನಿಗೆ ಆರು ಗಾಜು.

ಮೂರನೆಯದರಲ್ಲಿ ಆಸೆ ಹೆಚ್ಚಾಯಿತು. ಮಂಗಳೂರಿನಿಂದ 8 ಮೀಟರಿನದು, ಪಟ್ಟಿ 25 ಮಿಲಿಮೀಟರ್ ಅಗಲ, ಡಬ್ಬಿಗೆ ರಬ್ಬರ್ ಕವಚ. ಅಗಲ ಪಟ್ಟಿಯ ಸುಖ ನಿಜ. ಪಟ್ಟಿ ದೋಣಿಯಂತೆ ಬಾಗಿರುವುದರಿಂದ ಆಸರೆಯಿಲ್ಲದೆ ದೂರಕ್ಕೆ ನೆಟ್ಟಗೆ ಚಾಚುತ್ತದೆ, ಇನ್ನೊಂದು ತುದಿ ಹಿಡಿಯಲು ಜನ ಬೇಡ. ಒಬ್ಬಳೇ ನಿಂತು ಕೋಣೆಯ ಆಚೆ ಗೋಡೆ ಮುಟ್ಟಿಸಬಹುದಿತ್ತು. ಆದರೆ ನನ್ನ ಅಂಗೈಗೆ ಆ ಡಬ್ಬಿ ತೆಂಗಿನ ಗಿಟುಕಿನ ಹಾಗೆ, ಚೀಲದಲ್ಲಿ ಇಟ್ಟರೆ ಒಂದು ಭುಜ ಇಳಿಯುತ್ತಿತ್ತು. ನಮ್ಮ ಅತಿ ಉದ್ದದ ಕೋಣೆ 14 ಅಡಿ, ಮಿಕ್ಕ ಪಟ್ಟಿ ಸುಮ್ಮನೆ ಭಾರ. ಅದರ ಸ್ಪ್ರಿಂಗಿಗೂ ಭೀಮಬಲ. ಮೇಸ್ತ್ರಿಯ ಹುಡುಗ ಪ್ರತಿ ಸಲ ಚಟಾರನೆ ಬಿಟ್ಟೇ ಬಿಡುತ್ತಿದ್ದ. ತಿಂಗಳಾಗುವಷ್ಟರಲ್ಲಿ ಕೊಕ್ಕೆ ಬಾಗಿತು, ಅದರ ಪಕ್ಕದಲ್ಲೇ ಪಟ್ಟಿ ಸೀಳಿತು. ರಬ್ಬರ್ ಕವಚಕ್ಕೆ ಒಂದು ಗೀರೂ ಇರಲಿಲ್ಲ!

ಈಗ ಇರುವುದು ಲೂಧಿಯಾನಾದ ಫ್ರೀಮನ್ಸ್ ಕಂಪೆನಿಯ 5 ಮೀಟರ್, 19 ಮಿಲಿಮೀಟರಿನದು. ಬದಿಯಡ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೂರರ ಆಸುಪಾಸು ಕೊಟ್ಟೆ. ಈ ಸಲ ಶಾಲೆಯ 30 ಸೆಂಟಿಮೀಟರಿನ ಉಕ್ಕಿನ ಸ್ಕೇಲು ಕೊಂಡೊಯ್ದಿದ್ದೆ. ಸಿಕ್ಕಿಸಿ ಅಳೆದೆ, ಒತ್ತಿ ಅಳೆದೆ, ಹತ್ತರ ಗೆರೆಯಿಂದ ಅಳೆದೆ, ಮೂರೂ ಒಂದೇ ಬಂತು. ಕೊಕ್ಕೆ ಹಿಂದೆ ಮುಂದೆ ಮಾತ್ರ ಸರಿಯುತ್ತದೆ, ಅಡ್ಡಕ್ಕೆ ತಿರುಗುವುದಿಲ್ಲ. ಅಂಗಡಿಯವರು ನಗುತ್ತಾ ಚಹಾ ತರಿಸಿದರು. ಮತ್ತೊಂದು ಗುರುತು ಇದೆ: ಪಟ್ಟಿಯ ಆರಂಭದಲ್ಲಿ ರೋಮನ್ ಎರಡು, ಅಂದರೆ ಜೋಡಿ ಗೀಟು, ಇದ್ದರೆ ಅದು ಎರಡನೇ ದರ್ಜೆಯ ನಿಖರತೆ. 5 ಮೀಟರಿಗೆ ಹೆಚ್ಚೆಂದರೆ 1.3 ಮಿಲಿಮೀಟರ್ ಆಚೀಚೆ. ಮನೆಕೆಲಸಕ್ಕೆ ಧಾರಾಳವಾಯಿತು. 19ರ ಪಟ್ಟಿ 25ರದರಷ್ಟು ದೂರ ಚಾಚುವುದಿಲ್ಲ, ನಡುವೆ ಮಡಚಿ ಬೀಳುತ್ತದೆ. ದೊಡ್ಡ ಕೋಣೆಗೆ ಮಗನನ್ನು ಕರೆಯುತ್ತೇನೆ.

ಒಂದಂಚಿನಲ್ಲಿ ಸೆಂಟಿಮೀಟರ್, ಇನ್ನೊಂದಂಚಿನಲ್ಲಿ ಇಂಚು ಇರುವುದನ್ನೇ ಕೊಳ್ಳಿ. ನಮ್ಮ ಕಾಸರಗೋಡಿನಲ್ಲಿ ಭಾಷೆಗಳಷ್ಟೇ ಅಳತೆಗಳೂ. ಜಾಗ ಸೆಂಟಿನಲ್ಲಿ, ತೆರಿಗೆ ರಶೀದಿ ಆರ್‌ನಲ್ಲಿ, ನಕ್ಷೆ ಸೆಂಟಿಮೀಟರಿನಲ್ಲಿ, ಮೇಸ್ತ್ರಿಯ ಬಾಯಲ್ಲಿ ಅಡಿ-ಇಂಚು, ಆಚಾರಿಯವರ ತಲೆಯಲ್ಲಿ ಕೋಲು-ಅಂಗುಲ. ಅವರ ತಚ್ಚುಶಾಸ್ತ್ರದ, ಅಂದರೆ ಕೇರಳದ ಬಡಗಿ ಶಾಸ್ತ್ರದ, ಕೋಲು ಎಂದರೆ 24 ಅಂಗುಲ, ಸುಮಾರು 72 ಸೆಂಟಿಮೀಟರ್. ಹಾಗಾದರೆ ಅಂಗುಲಕ್ಕೆ ಮೂರು ಸೆಂಟಿಮೀಟರ್. ಕನ್ನಡ ಪಾಠ ಮಾಡುವವಳು ನಾನು, ಇಂಚು ಎಂದು ಬರೆಯಲು ಕೈ ಬರಲಿಲ್ಲ. “ಬಚ್ಚಲಿನ ಬಾಗಿಲು 30 ಅಂಗುಲ” ಎಂದು ಚಂದದ ಅಕ್ಷರದಲ್ಲಿ ಬರೆದುಕೊಟ್ಟೆ. 76 ಸೆಂಟಿಮೀಟರಿನ ದಾರಂದ 90 ಆಗುವುದರಲ್ಲಿತ್ತು. ಬಚ್ಚಲಿಗೆ ಇಷ್ಟು ದೊಡ್ಡ ಬಾಗಿಲು ಯಾಕೆ ಎಂದು ಆಚಾರಿಯವರೇ ಫೋನ್ ಮಾಡಿದ್ದರಿಂದ ಮರ ಉಳಿಯಿತು. ಈಗ ಇಂಚು ಎಂದೇ ಬರೆಯುತ್ತೇನೆ.

ಮಳೆಗಾಲದಲ್ಲಿ ಒದ್ದೆ ಪಟ್ಟಿಯನ್ನು ಹಾಗೆಯೇ ಒಳಗೆ ಬಿಟ್ಟರೆ ಯಾವ ಲೇಪವೂ ಕಾಯುವುದಿಲ್ಲ. ಅಂಚು ಮತ್ತು ರಿವೆಟ್ಟಿನ ಸುತ್ತ ಮೊದಲು ತುಕ್ಕು ಕಾಣುತ್ತದೆ. ನಾನು ಪೂರ್ತಿ ಎಳೆದು, ಹಳೆಯ ಪಂಚೆಯ ತುಂಡಿನಲ್ಲಿ ಪಟ್ಟಿಯನ್ನು ಹಿಡಿದುಕೊಂಡೇ ನಿಧಾನವಾಗಿ ಒಳಗೆ ಬಿಡುತ್ತೇನೆ. ನೀರು ಹೋಗುತ್ತದೆ, ಕೆಂಪು ಧೂಳೂ ಹೋಗುತ್ತದೆ. ಕೊನೆಯ ಒಂದಡಿಯಲ್ಲಿ ಬೆರಳಿನಿಂದ ತಡೆಯಬೇಕು, ಕೊಕ್ಕೆ ಡಬ್ಬಿಗೆ ಬಡಿಯಬಾರದು. ಎರಡು ಮಳೆಗಾಲ ಕಳೆದಿದೆ, ಮೊದಲ ಸೆಂಟಿಮೀಟರಿನ ಸಣ್ಣ ಗೆರೆಗಳು ಇನ್ನೂ ಎಣಿಸಲು ಸಿಗುತ್ತವೆ.

ಆ ಆರು ಗಾಜುಗಳು ಕೊಟ್ಟಿಗೆಯ ಅಟ್ಟದಲ್ಲಿವೆ. ಒಂದು ಮಿಲಿಮೀಟರ್ ದೊಡ್ಡ ವೆಂಟಿಲೇಟರ್ ಇರುವವರು ಬಂದು ಒಯ್ಯಬಹುದು. ಟೇಪು ಮಾತ್ರ ನೀವೇ ತನ್ನಿ.