ಮರದ ಬಿಲ್ಲಿಗೆ ಸಿಕ್ಕ ಸಿಕ್ಕ ಬಾಣ ಹೂಡಬೇಡಿ

ಕಳೆದ ಚಳಿಗಾಲದಲ್ಲಿ ಕಾರ್ಬನ್ ಬಾಣವೊಂದು ಹೆದೆ ಬಿಟ್ಟ ಕ್ಷಣದಲ್ಲೇ ಮುರಿದು, ಅದರ ಸಿಬಿರು ನನ್ನ ಎಡಗೈ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಅದನ್ನು ತೆಗೆಸಿಕೊಳ್ಳಲು ಊರಿನಿಂದ ಶಿರಸಿಯ ಆಸ್ಪತ್ರೆಗೆ ಹೋಗಬೇಕಾಯಿತು. ನಮ್ಮ ಕಡೆ ಈಗ ಕೆಲವು ಹುಡುಗರು ಮರದ ಬಿಲ್ಲು ತರಿಸಿಕೊಳ್ಳುತ್ತಿರುವುದರಿಂದ, ನಡೆದದ್ದನ್ನು ಬರೆದಿಡುವುದು ಅಗತ್ಯವೆನಿಸಿತು.

ನಾನು ಕೊಂಡದ್ದು 28 ಇಂಚು ಎಳೆದಾಗ 40 ಪೌಂಡ್ ಬಲ ಕೊಡುವ ಬಿಲ್ಲು. ಅದರೊಂದಿಗೆ ಅಂಗಡಿಯವರು 340 ಎಂದು ಅಚ್ಚಾಗಿದ್ದ ಒಂದು ಡಜನ್ ಬಾಣ ಕೊಟ್ಟು, "ಗಟ್ಟಿ ಬಾಣ ಸರ್, ಯಾವ ಬಿಲ್ಲಿಗೂ ನಡೆಯುತ್ತದೆ" ಎಂದಿದ್ದರು. ಆ ಸಂಖ್ಯೆಯ ಅರ್ಥವನ್ನು ನಾನು ಕೇಳಲಿಲ್ಲ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಂ ತೂಗುಹಾಕಿದಾಗ ಅದು 0.340 ಇಂಚು ಬಾಗುತ್ತದೆ ಎಂಬುದೇ ಅದರ ಅರ್ಥ. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಸೆಟೆದಿರುತ್ತದೆ. 40 ಪೌಂಡಿನ ಮರದ ಬಿಲ್ಲಿಗೆ 340 ತೀರಾ ಸೆಟೆದ ಬಾಣ.

ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣ ಕೂರುವುದು ಹಿಡಿಯ ಪಕ್ಕದಲ್ಲಿ, ಹೆದೆ ಮರಳುವುದು ಹಿಡಿಯ ನಡುವಿಗೆ. ಆದ್ದರಿಂದ ಬಿಟ್ಟ ಬಾಣ ಮೀನಿನಂತೆ ಬಳುಕಿ, ಹಿಡಿಯನ್ನು ಸುತ್ತಿಕೊಂಡು ಹೋಗಿ, ಆಮೇಲೆ ನೇರವಾಗಬೇಕು. ಬಳುಕದ ಬಾಣ ಹಿಡಿಗೆ ಬಡಿದು, ಬಲಗೈಯಲ್ಲಿ ಎಳೆಯುವವರಿಗೆ ಎಡಕ್ಕೆ ಹೋಗುತ್ತದೆ. ಅತಿಯಾಗಿ ಬಳುಕುವುದು ಬಲಕ್ಕೆ ಹೋಗುತ್ತದೆ. ಪ್ರತಿ ಸಲವೂ ನನಗೆ 'ಟಕ್' ಎಂಬ ಸದ್ದು ಕೇಳುತ್ತಿತ್ತು, ಹಿಡಿಯ ಎಡಬದಿಯಲ್ಲಿ ಬೆರಳಗಲದ ಕಪ್ಪು ಗೀರು ಮೂಡಿತ್ತು. ಆದರೂ ತಪ್ಪು ನನ್ನ ಗುರಿಯದೆಂದೇ ನಂಬಿ, ತಿಂಗಳುಗಟ್ಟಲೆ ಬಲಕ್ಕೆ ನೋಡಿ ಬಿಡುತ್ತಿದ್ದೆ.

ಇದರ ಮೇಲೆ ಇನ್ನೊಂದು ದೊಡ್ಡ ತಪ್ಪು ಮಾಡಿದೆ. ಬಾಣ ಉದ್ದವಾಗಿದ್ದರಿಂದ ಹೀಗಾಗುತ್ತಿದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಎಲ್ಲವನ್ನೂ ಮೂರು ಇಂಚು ಕತ್ತರಿಸಿಬಿಟ್ಟೆ. ಕತ್ತರಿಸಿದ ಬಾಣ ಇನ್ನಷ್ಟು ಸೆಟೆದುಕೊಳ್ಳುತ್ತದೆ. ಉದ್ದವನ್ನು ಹಾಗೆಯೇ ಬಿಟ್ಟು ಮೊನೆಯ ತೂಕ ಹೆಚ್ಚಿಸಿದ್ದರೆ ಸ್ವಲ್ಪವಾದರೂ ಸರಿಹೋಗುತ್ತಿತ್ತು, ಆದರೆ ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗುವುದಿಲ್ಲ. ಎಡಕ್ಕೆ ಹೋದ ಬಾಣಗಳು ತೋಟದಂಚಿನ ಅಡಿಕೆ ಮರಗಳಿಗೆ ಬಡಿಯತೊಡಗಿದವು. ಹಾಗೆ ಬಡಿದು ಕೂದಲೆಳೆಯಷ್ಟು ಸೀಳಿದ್ದ ಒಂದನ್ನು ನೋಡದೆ ಮತ್ತೆ ಹೂಡಿದ್ದೇ ಕೈಗೆ ಬಂದ ಆಪತ್ತು.

ಗಾಯ ಮಾಗಿದ ಮೇಲೆ ಕುಮಟಾದಲ್ಲಿರುವ ನನ್ನ ಭಾವ ಒಂದು ಹಲಗೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು, ಮರದ ಬಾಣಗಳನ್ನು ಅಳೆಯುವ ಹಳೆಯ ಕ್ರಮವನ್ನು ತೋರಿಸಿದರು. ಬಾಣದ ನಡುವೆ ಎರಡು ಪೌಂಡ್, ಅಂದರೆ ಸುಮಾರು 907 ಗ್ರಾಂ ತೂಗುಹಾಕಿ, ಅದು ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಿದರೆ ಬಾಣ ಎಷ್ಟು ಪೌಂಡಿನ ಬಿಲ್ಲಿಗೆ ಹೊಂದುತ್ತದೆ ಎಂದು ತಿಳಿಯುತ್ತದೆ. 0.65 ಇಂಚು ಬಾಗಿದರೆ 40 ಪೌಂಡ್. ನಾನು ಎಳೆಯುವುದು 26 ಇಂಚು ಮಾತ್ರವಾದ್ದರಿಂದ, ಬಿಲ್ಲಿನ ಮೇಲೆ 40 ಎಂದಿದ್ದರೂ ನನ್ನ ಕೈಯಲ್ಲಿ ಅದರ ಬಲ ಸುಮಾರು 35 ಪೌಂಡ್ ಎಂಬುದೂ ಆಗಲೇ ಅರಿವಾಯಿತು. ಬಾಣ ಕೊಳ್ಳುವ ಮೊದಲು ನಿಮ್ಮ ಎಳೆತವನ್ನು ದಯವಿಟ್ಟು ಅಳೆದುಕೊಳ್ಳಿ.

ಸೆಟೆತ ತಪ್ಪಿಸುವ ಭರದಲ್ಲಿ ತೀರಾ ಹಗುರ ಬಾಣಕ್ಕೂ ಹೋಗಬಾರದು, ಏಕೆಂದರೆ ಬಾಣ ಹೊರದ ಬಲವನ್ನು ಬಿಲ್ಲೇ ತಿನ್ನಬೇಕಾಗಿ ಮರ ಬಿರಿಯುತ್ತದೆ. ಮೊನೆ, ಗರಿ ಸೇರಿ 40 ಪೌಂಡಿನ ಬಿಲ್ಲಿಗೆ 23 ಗ್ರಾಂ ಆಸುಪಾಸಿನ ಬಾಣ ಕ್ಷೇಮ. ಹಿಡಿಗೆ ತಾಗಿ ಸಾಗುವ ಬಾಣಕ್ಕೆ ಪ್ಲಾಸ್ಟಿಕ್ಕಿನ ಬದಲು ಮಡಿಚಿಕೊಳ್ಳುವ ಹಕ್ಕಿಗರಿಯೇ ಬೇಕು. ನಮ್ಮ ಮಳೆಗಾಲದಲ್ಲಿ ಮರದ ಕೋಲು ಡೊಂಕಾಗುವುದರಿಂದ ಅದನ್ನು ಒಣ ಜಾಗದಲ್ಲಿ ಇಡಬೇಕು.

ಈಗ ಹೂಡುವ ಮುನ್ನ ಪ್ರತಿಯೊಂದು ಬಾಣವನ್ನೂ ಕಿವಿಯ ಹತ್ತಿರ ಹಿಡಿದು, ತಿರುಗಿಸುತ್ತ ಮೆಲ್ಲಗೆ ಬಾಗಿಸಿ ನೋಡುತ್ತೇನೆ. ಚಿಟ್ ಎಂದು ಸಣ್ಣ ಸದ್ದು ಬಂದರೂ ಅದನ್ನು ಬೇರೆ ಯಾರೂ ಎತ್ತಿಕೊಳ್ಳದಂತೆ ಅಲ್ಲೇ ಮುರಿದು ಹಾಕುತ್ತೇನೆ.