ಕೋರ್ಸ್ ವಿತ್‌ಡ್ರಾ ಮಾಡೋದಾ, ಎಳ್ಕೊಂಡು ಹೋಗೋದಾ?

ಅಮೆರಿಕದ ಕಾಲೇಜಲ್ಲಿ ಫೆಡರಲ್ ಏಡ್ (ಅಲ್ಲಿನ ಕೇಂದ್ರ ಸರ್ಕಾರದ ಹಣದ ನೆರವು) ಮೇಲೆ ಓದ್ತಿದ್ದೀನಿ, ಒಂದು ಕೋರ್ಸ್ ಕೈಕೊಡ್ತಿದೆ, ಏನ್ ಮಾಡ್ಲಿ ಅಂತ ಕೇಳಿದ್ರಲ್ಲ.

ಜಿಪಿಎ (ಗ್ರೇಡ್‌ಗಳ ಸರಾಸರಿ) ನೋಡಿದ್ರೆ ವಿತ್‌ಡ್ರಾನೇ, ಅಂದ್ರೆ ಕೋರ್ಸ್ ಮಧ್ಯದಲ್ಲೇ ಬಿಡೋದೇ ವಾಸಿ, ಆಗ ಬರೋ ಡಬ್ಲ್ಯೂ ಅದಕ್ಕೆ ಸೇರಲ್ಲ, ಎಫ್ (ಫೇಲ್) ಬಂದ್ರೆ ಸರಾಸರಿ ಕುಸಿಯುತ್ತೆ. ಆದ್ರೆ ಏಡ್ ಮುಂದುವರಿಯೋಕೆ ಪೇಸ್ ಅಂತ ಇನ್ನೊಂದು ಲೆಕ್ಕನೂ ಇದೆ ನೋಡಿ, ತಗೊಂಡ ಕ್ರೆಡಿಟ್‌ನಲ್ಲಿ ಎಷ್ಟು ಪಾಸಾದ್ರಿ ಅನ್ನೋದು, ಸುಮಾರು ಕಾಲೇಜಲ್ಲಿ 67% ಬೇಕು, ಅಲ್ಲಿ ಡಬ್ಲ್ಯೂಗೂ ಎಫ್‌ಗೂ ಒಂದೇ ಏಟು. ಮೊದಲ ಸೆಮಿಸ್ಟರಲ್ಲಿ 15ಕ್ಕೆ 12 ಮುಗಿಸಿದ್ರೆ 80%, ಬಚಾವ್. 9 ಆದ್ರೆ 60%, ಸಿಕ್ಕಿಬಿದ್ರಿ. 120 ಕ್ರೆಡಿಟ್ ಡಿಗ್ರಿಗೆ ಏಡ್ ಸಿಗೋಕೆ ಒಟ್ಟು ತಗೊಂಡ ಕ್ರೆಡಿಟ್‌ಗೆ 180ರ ಮಿತಿ, ಅದಕ್ಕೂ ಡಬ್ಲ್ಯೂ, ಎಫ್ ಎರಡೂ ಸೇರುತ್ತೆ.

ಹಾಗಾಗಿ ಜಿಪಿಎ 2.0 (ಸಾಮಾನ್ಯವಾಗಿ ಏಡ್‌ಗೆ ಬೇಕಾದ ಕನಿಷ್ಠ) ಹತ್ರ ಒದ್ದಾಡ್ತಿದ್ದು ಪೇಸ್ ಚೆನ್ನಾಗಿದ್ರೆ ವಿತ್‌ಡ್ರಾ ಮಾಡಿ. ಪೇಸ್ ಬಿಗಿ ಇದ್ದು ಹೆಂಗೋ ಡಿ ಆದ್ರೂ ಬರುತ್ತೆ ಅನ್ಸಿದ್ರೆ ಕೂತ್ಕೊಂಡು ಓದಿ, ಸಾಮಾನ್ಯವಾಗಿ ಡಿ ಕೂಡ ಪಾಸೇ (ನಿಮ್ಮ ಮೇಜರ್‌ಗೆ ಸಾಲ್ದೇ ಇರಬಹುದು). ಹುಷಾರಿಲ್ದೇ ಕೊನೇಲಿ ಸ್ವಲ್ಪವೇ ಬಾಕಿ ಇದ್ರೆ ಪ್ರೊಫೆಸರ್ ಹತ್ರ ಇನ್‌ಕಂಪ್ಲೀಟ್ (ಬಾಕಿ ಕೆಲಸ ಆಮೇಲೆ ಮುಗಿಸೋ ಅವಕಾಶ) ಕೇಳಿ.

ಎಲ್ಲಾ ಕೋರ್ಸೂ ಒಟ್ಟಿಗೆ ಬಿಡೋ ಯೋಚನೆ ಇದ್ರೆ ಮಾತ್ರ ತಡೀರಿ, ಸೆಮಿಸ್ಟರ್ 60% ದಾಟೋ ಮುಂಚೆ ಬಿಟ್ರೆ ಬಂದ ಏಡಲ್ಲಿ ಒಂದಷ್ಟು ವಾಪಸ್ ಹೋಗುತ್ತೆ.