ಹೊಟ್ಟೆ ತೊಂದರೆ ಇರುವವರೂ ನೆಮ್ಮದಿಯಾಗಿ ಉಣ್ಣಬಹುದಾದ ಖಾನಾವಳಿ

ಕಲಬುರಗಿ ಬಸ್ ಸ್ಟ್ಯಾಂಡ್ ಹತ್ತಿರದ ಈ ಖಾನಾವಳಿಗೆ ಐದೂ ಸ್ಟಾರ್ ಕೊಡುತ್ತಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿನ ಟಾಯ್ಲೆಟ್‌ಗೆ.

ನನಗೆ ಹುಟ್ಟಿನಿಂದ ಹಿರ್ಷ್‌ಸ್ಪ್ರಂಗ್ ಕಾಯಿಲೆ. ದೊಡ್ಡ ಕರುಳಿನ ಕೊನೆಯಲ್ಲಿ ಇರಬೇಕಾದ ನರಕೋಶಗಳು ಇರುವುದಿಲ್ಲ, ಹಾಗಾಗಿ ಆ ಭಾಗ ಮಲವನ್ನು ಮುಂದಕ್ಕೆ ತಳ್ಳುವುದಿಲ್ಲ. ಸುಮಾರು 5000 ಕೂಸುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಚಿಕ್ಕಂದಿನಲ್ಲೇ ಆ ಭಾಗ ತೆಗೆದು, ಚೆನ್ನಾಗಿರುವ ಕರುಳನ್ನು ಕೆಳಗೆ ಎಳೆದು ಹೊಲಿದರು. ಆಪರೇಷನ್ ಆಯ್ತಲ್ಲ, ಮುಗೀತು ಅಂತ ಜನ ತಿಳಿಯುತ್ತಾರೆ. ದೊಡ್ಡವರಾದ ಮೇಲೂ ಕೆಲವರಿಗೆ ಮಲಬದ್ಧತೆ ಇರುತ್ತದೆ, ಕೆಲವರಿಗೆ ಬಟ್ಟೆಗೆ ಸೋರುತ್ತದೆ. ನನಗೆ ಅವಸರ. ಬಂತು ಅಂದರೆ ತಡೆಯಲು ಆಗುವುದಿಲ್ಲ.

ಇಲ್ಲಿ ಟಾಯ್ಲೆಟ್ ಒಳಗೇ ಇದೆ, ಕೈ ತೊಳೆಯುವ ಜಾಗದ ಪಕ್ಕ. ಕೀಲಿ ಕೇಳಬೇಕಾಗಿಲ್ಲ. ನಲ್ಲಿಯಲ್ಲಿ ನೀರು, ಬಕೆಟ್, ಸೋಪು, ಗಟ್ಟಿ ಚಿಲಕ, ಗೋಡೆಗೆ ಒಂದು ಮೊಳೆ. ಬದಲಿ ಬಟ್ಟೆಯ ಚೀಲ ಹಿಡಿದುಕೊಂಡೇ ಹೊರಗೆ ಹೋಗುವವರಿಗೆ ಆ ಮೊಳೆಯ ಬೆಲೆ ಗೊತ್ತು. ಊಟದ ಮಧ್ಯೆ ಎದ್ದು ಹೋಗಿ ತಡವಾಗಿ ಬಂದರೂ ತಟ್ಟೆ ಹಾಗೇ ಇರುತ್ತದೆ, ಯಾರೂ ಏನೂ ಕೇಳುವುದಿಲ್ಲ, ಮತ್ತೆ ಬಿಸಿ ರೊಟ್ಟಿ ಬರುತ್ತದೆ. ಬೇರೆ ಒಂದು ಕಡೆ "ಗಿರಾಕಿಗೆ ಇಲ್ರಿ, ಬಸ್ ಸ್ಟ್ಯಾಂಡಿಗೆ ಹೋಗ್ರಿ" ಅಂದಿದ್ದರು. ಅಷ್ಟು ದೂರ ನಡೆಯುವಷ್ಟು ಹೊತ್ತು ನನ್ನ ಹತ್ತಿರ ಇರುವುದಿಲ್ಲ ಅಲ್ವಾ?

ಇನ್ನು ಊಟ. ನಮ್ಮ ಕಡೆ ಖಾರ ಜಾಸ್ತಿ, ಬೇಳೆಯೂ ಜಾಸ್ತಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಭಾಗದ್ದೇ ಅನ್ನುವ ಸರ್ಕಾರಿ ಗುರುತು ಕೂಡ ಬಂದಿದೆ. ನನಗೆ ಖಾರ, ಬೇಳೆ ಎರಡೂ ಆಗಿಬರುವುದಿಲ್ಲ, ಬೇಳೆ ತಿಂದರೆ ಹೊಟ್ಟೆ ಉಬ್ಬುತ್ತದೆ. ಬೆಳಿಗ್ಗೆ ಫೋನ್ ಮಾಡಿ "ಅಕ್ಕಾರ, ನನಗ ಖಾರ ಬ್ಯಾಡ್ರಿ" ಅಂದರೆ ಸಾಕು, ಖಾರ ಹಾಕುವ ಮೊದಲೇ ಹೀರೇಕಾಯಿ ಪಲ್ಯದಲ್ಲಿ ನನ್ನ ಪಾಲು ತೆಗೆದಿಡುತ್ತಾರೆ. ಮೆತ್ತನೆ ಜೋಳದ ರೊಟ್ಟಿ, ಮೊಸರು, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ನನಗೆ ದೊಡ್ಡ ಕರುಳು ಅರ್ಧವೇ ಉಳಿದಿರುವುದು, ನೀರು ಹೀರಿಕೊಳ್ಳುವ ಕೆಲಸ ಅದರದ್ದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮೈಯಲ್ಲಿ ನೀರು, ಉಪ್ಪು ಎರಡೂ ಬೇಗ ಕಡಿಮೆಯಾಗುತ್ತವೆ. ಮಜ್ಜಿಗೆಯನ್ನು ಇಲ್ಲಿ ಕೇಳಿದಷ್ಟು ಸಲ ಹಾಕುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಒಂದು ಕೊರತೆ ಇದೆ. ಟಾಯ್ಲೆಟ್ ಇಂಡಿಯನ್ ಮಾತ್ರ, ಮೊಣಕಾಲು ನೋವಿದ್ದವರಿಗೆ ಕಷ್ಟ. ಮಧ್ಯಾಹ್ನ ಒಂದು ಗಂಟೆಯ ನಂತರ ಅಲ್ಲೂ ಸಾಲು ಇರುತ್ತದೆ. ನನ್ನಂಥವರು ಹನ್ನೆರಡೂವರೆಗೇ ಹೋಗಿ, ಒಳಗಡೆಯ ಟೇಬಲ್ ಕೇಳಿ.